ಅರವತ್ತು ಓಮ್‌ನ ಪಾಠ: ಕಾರಿನೊಳಗಿನ ಮಾತುಕತೆ ತರಗತಿಗೆ ಬಂದ ಬಗೆ

ಬೋಧನಾಭ್ಯಾಸದ ಎರಡನೆಯ ಹಂತದಲ್ಲಿ ನನಗೆ ಹೆಬ್ಬಾಳದ ಬಳಿಯ ಒಂದು ಪ್ರೌಢಶಾಲೆಯ ಹತ್ತನೆಯ ತರಗತಿ ದೊರೆತಿತ್ತು. ಘಟಕ ವಿದ್ಯುಚ್ಛಕ್ತಿ, ಪಾಠ ರೋಧಕಗಳ ಸಮಾಂತರ ಜೋಡಣೆ. ಪೀಠಿಕೆಗೆ ಮಕ್ಕಳಿಗೆ ಪರಿಚಿತವಾದದ್ದು ಇರಲೆಂದು ಕಾರನ್ನು ಆರಿಸಿಕೊಂಡೆ. "ಈಗಿನ ಕಾರಿನಲ್ಲಿ ಒಂದು ದೊಡ್ಡ ಕಂಪ್ಯೂಟರ್ ಇರುತ್ತದೆ. ಅದು ಹೇಳಿದಂತೆ ಉಳಿದದ್ದೆಲ್ಲ ಕೇಳುತ್ತದೆ" ಎಂದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ.

"ಇಲ್ಲ ಮಿಸ್. ಇಂಜಿನ್ ಬಾಕ್ಸ್ ಬಿಚ್ಚಿಟ್ಟಿದ್ರೂ ಕಿಟಕಿ ಗ್ಲಾಸ್ ಏರುತ್ತೆ, ಇಳಿಯುತ್ತೆ. ನಮ್ಮಪ್ಪನ ಗ್ಯಾರೇಜಲ್ಲಿ ನೋಡಿದೀನಿ."

ತರಗತಿ ನಕ್ಕಿತು. ನಾನು "ಕೂತ್ಕೋ, ಆಮೇಲೆ ನೋಡೋಣ" ಎಂದು ಮುಂದಕ್ಕೆ ಹೋದೆ. ಪಾಠ ಮುಗಿದ ಮೇಲೆ ಅವಲೋಕನ ಪುಸ್ತಕದಲ್ಲಿ ಮೇಲ್ವಿಚಾರಕರು ಬರೆದಿದ್ದದ್ದು ಒಂದೇ ಸಾಲು: "ಹುಡುಗ ಹೇಳಿದ್ದು ಸರಿಯೋ ತಪ್ಪೋ ನಿಮಗೆ ಗೊತ್ತಿತ್ತೆ?" ಗೊತ್ತಿರಲಿಲ್ಲ. ಆ ವಾರ ನಾನು ತಿಳಿದುಕೊಂಡದ್ದನ್ನೂ ಮರುಪಾಠದಲ್ಲಿ ಅದನ್ನು ಬಳಸಿದ ರೀತಿಯನ್ನೂ ಸಹ ಪ್ರಶಿಕ್ಷಣಾರ್ಥಿಗಳಿಗಾಗಿ ಇಲ್ಲಿ ಬರೆದಿದ್ದೇನೆ.

ಯಜಮಾನನಿಲ್ಲದ ಜಾಲ

ಹುಡುಗ ಹೇಳಿದ್ದೇ ಸರಿ. ಕಾರಿನಲ್ಲಿ ಎಲ್ಲವನ್ನೂ ಆಳುವ ಒಂದು ಕಂಪ್ಯೂಟರ್ ಇಲ್ಲ. ಇಂಜಿನ್‌ಗೆ ಒಂದು, ಬ್ರೇಕಿನ ಎಬಿಎಸ್‌ಗೆ ಒಂದು, ಏರ್‌ಬ್ಯಾಗ್‌ಗೆ ಒಂದು, ಬಾಗಿಲು ಮತ್ತು ದೀಪಗಳಿಗೆ ಒಂದು, ಮೀಟರ್ ಬೋರ್ಡಿಗೆ ಒಂದು ಎಂದು ಹಲವು ನಿಯಂತ್ರಣ ಘಟಕಗಳಿರುತ್ತವೆ. ಗ್ಯಾರೇಜಿನವರು ಇವನ್ನು ಇಸಿಎಂ, ಇಸಿಯು ಅಥವಾ ಸುಮ್ಮನೆ ಬಾಕ್ಸ್ ಎನ್ನುತ್ತಾರೆ. ಪ್ರತಿಯೊಂದೂ ತನ್ನ ಕೆಲಸ ತಾನು ಮಾಡಿಕೊಳ್ಳುತ್ತದೆ. ಆದರೆ ಒಂದಕ್ಕೆ ತಿಳಿದದ್ದು ಇನ್ನೊಂದಕ್ಕೂ ಬೇಕಾಗುತ್ತದೆ. ಅನೇಕ ಕಾರುಗಳಲ್ಲಿ ಚಕ್ರದ ವೇಗ ಅಳೆಯುವ ಸಂವೇದಕದ ತಂತಿ ಹೋಗುವುದು ಎಬಿಎಸ್ ಘಟಕಕ್ಕೆ. ಅದೇ ವೇಗ ಮೀಟರಿನ ಮುಳ್ಳಿಗೂ ಬೇಕು, ಇಂಜಿನ್‌ಗೂ ಬೇಕು, ಗಾಡಿ ಹೊರಟ ಮೇಲೆ ತಾನಾಗಿ ಲಾಕ್ ಆಗುವ ಬಾಗಿಲಿಗೂ ಬೇಕು.

ಹಿಂದೆ ಪ್ರತಿ ಮಾಹಿತಿಗೂ ಪ್ರತ್ಯೇಕ ತಂತಿ ಎಳೆಯುತ್ತಿದ್ದರು. ಐದು ಘಟಕಗಳು ಪರಸ್ಪರ ಮಾತನಾಡಲು ಹತ್ತು ಜೋಡಣೆ ಸಾಕು. ಇಪ್ಪತ್ತು ಘಟಕಗಳಾದರೆ 190 ಬೇಕು. ಮಕ್ಕಳಿಂದಲೇ ಈ ಲೆಕ್ಕ ಮಾಡಿಸಬಹುದು. ಈ ತೊಡಕಿಗೆ ಜರ್ಮನಿಯ ಬಾಷ್ ಕಂಪನಿ ಕಂಡುಕೊಂಡ ಪರಿಹಾರವೇ ಕ್ಯಾನ್ ಜಾಲ. 1986ರಲ್ಲಿ ಅಮೆರಿಕದ ಡೆಟ್ರಾಯಿಟ್‌ನಲ್ಲಿ ನಡೆದ ವಾಹನ ಎಂಜಿನಿಯರುಗಳ ಸಮ್ಮೇಳನದಲ್ಲಿ ಅದನ್ನು ಮುಂದಿಟ್ಟರು. 1993ರಲ್ಲಿ ಅದು ಐಎಸ್‌ಒ 11898 ಎಂಬ ಅಂತರರಾಷ್ಟ್ರೀಯ ಮಾನಕವಾಯಿತು. ಬೆಂಗಳೂರಿಗೆ ಈ ಕಂಪನಿ ಹೊಸದಲ್ಲ. ಆಡುಗೋಡಿಯ ಮೈಕೊ ಎಂದು ನಮ್ಮ ಹಿರಿಯರು ಹೇಳುವುದು ಬಾಷ್‌ನ ಭಾರತದ ಕಂಪನಿಯನ್ನೇ. 2008ರಲ್ಲಿ ಅದರ ಹೆಸರೂ ಬಾಷ್ ಎಂದಾಯಿತು.

ಕ್ಯಾನ್ ಜಾಲದಲ್ಲಿ ಎಲ್ಲ ಘಟಕಗಳೂ ಒಂದೇ ಜೋಡಿ ತಂತಿಗೆ ಸಮಾಂತರವಾಗಿ ಕೂಡಿಕೊಂಡಿರುತ್ತವೆ. ಒಂದು ಘಟಕ ಹೇಳಿದ್ದು ಎಲ್ಲಕ್ಕೂ ಕೇಳಿಸುತ್ತದೆ. ಬೇಕಾದವು ತೆಗೆದುಕೊಳ್ಳುತ್ತವೆ, ಬೇಡವಾದವು ಬಿಡುತ್ತವೆ. ಸಂದೇಶದ ಮೇಲೆ ವಿಳಾಸ ಇರುವುದಿಲ್ಲ. "ಇದು ಚಕ್ರದ ವೇಗ", "ಇದು ಇಂಜಿನ್ ತಾಪ" ಎಂದು ವಿಷಯ ತಿಳಿಸುವ ಒಂದು ಗುರುತಿನ ಸಂಖ್ಯೆ ಇರುತ್ತದೆ. ಶಾಲೆಯ ಸೂಚನಾ ಫಲಕದ ಹಾಗೆ: ಎಸ್ಸೆಸ್ಸೆಲ್ಸಿ ವೇಳಾಪಟ್ಟಿ ಹಾಕಿದ್ದರೆ ಹತ್ತನೆಯ ತರಗತಿಯವರು ಬರೆದುಕೊಳ್ಳುತ್ತಾರೆ, ಎಂಟನೆಯವರು ಮುಂದೆ ಹೋಗುತ್ತಾರೆ.

ಎರಡು ತಂತಿ ಏಕೆ?

ಈ ತಂತಿಗಳ ಹೆಸರು ಕ್ಯಾನ್-ಹೈ, ಕ್ಯಾನ್-ಲೋ. ಎರಡನ್ನೂ ಒಂದಕ್ಕೊಂದು ಹೊಸೆದಿರುತ್ತಾರೆ. ಯಾರೂ ಮಾತನಾಡದಿದ್ದಾಗ ಎರಡರಲ್ಲೂ ಸುಮಾರು 2.5 ವೋಲ್ಟ್ ಇರುತ್ತದೆ, ವಿಭವಾಂತರ ಸೊನ್ನೆ. ಇದಕ್ಕೆ ಅರ್ಥ 1. ಒಂದು ಘಟಕ 0 ಕಳುಹಿಸಬೇಕಾದಾಗ ಹೈ ತಂತಿ ಸುಮಾರು 3.5 ವೋಲ್ಟಿಗೆ ಏರುತ್ತದೆ, ಲೋ ತಂತಿ 1.5 ವೋಲ್ಟಿಗೆ ಇಳಿಯುತ್ತದೆ. ವಿಭವಾಂತರ 2 ವೋಲ್ಟ್. ಕೇಳುವ ಘಟಕ ನೋಡುವುದು ಈ ವ್ಯತ್ಯಾಸವನ್ನು ಮಾತ್ರ. ಸ್ಪಾರ್ಕ್ ಪ್ಲಗ್ಗಿನಿಂದಲೋ ಮೋಟಾರಿನಿಂದಲೋ ಗದ್ದಲ ನುಗ್ಗಿದರೆ ಅದು ಹೊಸೆದ ಎರಡೂ ತಂತಿಗೆ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ತಗಲುತ್ತದೆ. ಎರಡಕ್ಕೂ ಅರ್ಧ ವೋಲ್ಟ್ ಕೂಡಿದರೆ 4 ಮತ್ತು 2 ಆಯಿತು. ವ್ಯತ್ಯಾಸ ಆಗಲೂ 2.

ಇಬ್ಬರು ಒಟ್ಟಿಗೆ ಮಾತನಾಡಿದರೆ?

ಇದು ಈ ಜಾಲದ ಅತಿ ಸೊಗಸಾದ ಭಾಗ. ಹೆಬ್ಬಾಳದ ಮೇಲ್ಸೇತುವೆಯ ಬುಡದಲ್ಲಿ ಸಂಜೆ ಹೊತ್ತು ನಾಲ್ಕು ಕಡೆಯ ಗಾಡಿಗಳು ಒಟ್ಟಿಗೆ ನುಗ್ಗುತ್ತವೆ. ಆಂಬುಲೆನ್ಸ್ ಬಂದರೆ ಮಿಕ್ಕವರು ಸರಿಯುತ್ತಾರೆ, ಆದರೆ ಅಷ್ಟರಲ್ಲಿ ಆಂಬುಲೆನ್ಸಿಗೂ ತಡವಾಗುತ್ತದೆ. ಕ್ಯಾನ್ ಜಾಲದಲ್ಲಿ ಆದ್ಯತೆಯ ಸಂದೇಶಕ್ಕೆ ಈ ಸ್ಪರ್ಧೆಯಿಂದ ಒಂದು ಕ್ಷಣವೂ ತಡವಾಗುವುದಿಲ್ಲ. ಕಾರಣ ಒಂದೇ ನಿಯಮ: ಒಬ್ಬರು 0, ಇನ್ನೊಬ್ಬರು 1 ಹೇಳಿದರೆ ತಂತಿಯ ಮೇಲೆ ಉಳಿಯುವುದು 0.

ತರಗತಿಯಲ್ಲಿ ಇದನ್ನು ಹೀಗೆ ಮಾಡಿಸಿದೆ. ಮೂವರು ಮಕ್ಕಳು ಮುಂದೆ ನಿಂತರು. ಬ್ರೇಕಿನ ಸಂದೇಶಕ್ಕೆ 0101, ಇಂಜಿನ್ನಿನದಕ್ಕೆ 0110, ಬಾಗಿಲಿನದಕ್ಕೆ 1001 ಎಂಬ ಚೀಟಿ. ನಾನು ಚಪ್ಪಾಳೆ ತಟ್ಟಿದಾಗ ತಮ್ಮ ಮುಂದಿನ ಅಂಕಿ 0 ಇದ್ದವರು ಕೈ ಎತ್ತಬೇಕು, 1 ಇದ್ದವರು ಸುಮ್ಮನಿರಬೇಕು. ತಾನು ಸುಮ್ಮನಿದ್ದು ಬೇರೆಯವರ ಕೈ ಮೇಲಿದ್ದರೆ ಕೂತುಬಿಡಬೇಕು.

ಮೊದಲ ಚಪ್ಪಾಳೆ: ಬ್ರೇಕು, ಇಂಜಿನ್ ಕೈ ಎತ್ತಿದವು, ಬಾಗಿಲು ಕೂತಿತು. ಎರಡನೆಯದು: ಇಬ್ಬರದೂ 1, ಯಾರೂ ಕೈ ಎತ್ತಲಿಲ್ಲ, ಯಾರೂ ಕೂರಲಿಲ್ಲ. ಮೂರನೆಯದು: ಬ್ರೇಕು ಕೈ ಎತ್ತಿತು, ಇಂಜಿನ್ ಕೂತಿತು. ನಾಲ್ಕನೆಯದಕ್ಕೆ ಬ್ರೇಕು ಒಂದೇ ಉಳಿದಿತ್ತು. ಗೆದ್ದವರಿಗೆ ಯಾರಾದರೂ ಅಡ್ಡಿ ಬಂದರೇ ಎಂದು ಕೇಳಿದೆ. "ಅವಳಿಗೆ ಗೊತ್ತೇ ಆಗ್ಲಿಲ್ಲ ಮಿಸ್" ಎಂದರು. ಅದೇ ಉತ್ತರ. ಚಿಕ್ಕ ಸಂಖ್ಯೆ ಗೆಲ್ಲುತ್ತದೆ. ಅದರ ಒಂದು ಅಂಕಿಯೂ ಹಾಳಾಗುವುದಿಲ್ಲ. ಸೋತವರು ದಾರಿ ಬಿಡುವಾದಾಗ ಮತ್ತೆ ಪ್ರಯತ್ನಿಸುತ್ತಾರೆ. ಆದ್ದರಿಂದಲೇ ವಿನ್ಯಾಸಕಾರರು ತುರ್ತು ವಿಷಯಗಳಿಗೆ ಚಿಕ್ಕ ಸಂಖ್ಯೆ ಕೊಡುತ್ತಾರೆ.

ನಿಜವಾದ ಸಂದೇಶದಲ್ಲಿ ಗುರುತಿನ ಸಂಖ್ಯೆ 11 ಅಂಕಿಯದು, ವಿಸ್ತೃತ ರೂಪದಲ್ಲಿ 29. ಜೊತೆಗೆ ಹೆಚ್ಚೆಂದರೆ 8 ಬೈಟ್ ಮಾಹಿತಿ. ಕಾರುಗಳಲ್ಲಿ ಸಾಮಾನ್ಯವಾದ ಸೆಕೆಂಡಿಗೆ 5 ಲಕ್ಷ ಬಿಟ್ ವೇಗದಲ್ಲಿ ಇಡೀ ಸಂದೇಶಕ್ಕೆ ಹಿಡಿಯುವುದು ಸುಮಾರು ಕಾಲು ಮಿಲಿಸೆಕೆಂಡ್. ಗಂಟೆಗೆ 60 ಕಿ.ಮೀ. ವೇಗದ ಕಾರು ಅಷ್ಟರಲ್ಲಿ ಸರಿಯುವುದು ನಾಲ್ಕು ಮಿಲಿಮೀಟರ್.

ಅರವತ್ತು ಓಮ್

ಹುಡುಗನ ಜೊತೆ ಒಂದು ಶನಿವಾರ ಆರ್.ಟಿ. ನಗರದ ಅವರ ಗ್ಯಾರೇಜಿಗೆ ಹೋದೆ. ಅವನ ತಂದೆ ಒಂದು ಕಾರಿನ ಸ್ಟೇರಿಂಗ್ ಕೆಳಗಿನ 16 ಪಿನ್ನಿನ ಓಬಿಡಿ ಸಾಕೆಟ್ ತೋರಿಸಿದರು. 2020ರ ಏಪ್ರಿಲ್‌ನಲ್ಲಿ ಬಿಎಸ್-6 ಬಂದ ಮೇಲೆ ಹೊಸ ಕಾರುಗಳ ರಿಪೇರಿ ಶುರುವಾಗುವುದೇ ಇಲ್ಲಿಂದ ಎಂದರು. ಬ್ಯಾಟರಿ ಸಂಪರ್ಕ ತೆಗೆದು, ಮಲ್ಟಿಮೀಟರಿನ ಕಡ್ಡಿಗಳನ್ನು 6 ಮತ್ತು 14ನೆಯ ಪಿನ್‌ಗೆ ಇಟ್ಟರು. ಮೀಟರ್ 60ರ ಹತ್ತಿರ ನಿಂತಿತು.

"ಅರವತ್ತು ಬಂದ್ರೆ ಲೈನ್ ಸರಿ ಇದೆ ಅಂತ ಮೇಡಂ. ನೂರಿಪ್ಪತ್ತು ಬಂದ್ರೆ ಎಲ್ಲೋ ಕಟ್ ಆಗಿದೆ. ಸೊನ್ನೆ ಬಂದ್ರೆ ಎರಡೂ ವೈರ್ ಶಾರ್ಟ್. ಯಾಕೆ ಅಂತ ಮಾತ್ರ ನಂಗೊತ್ತಿಲ್ಲ."

ಯಾಕೆ ಎಂಬುದು ನಮ್ಮ ಪಠ್ಯಪುಸ್ತಕದಲ್ಲೇ ಇದೆ. ತಂತಿಯ ತುದಿ ಹಾಗೇ ಬಿಟ್ಟಿದ್ದರೆ ಸಂಕೇತ ಅಲ್ಲಿ ಬಡಿದು ಹಿಂದಿರುಗುತ್ತದೆ, ಖಾಲಿ ಸಭಾಂಗಣದ ಪ್ರತಿಧ್ವನಿಯಂತೆ. ಮುಂದಿನ ಮಾತು ಕಲಸಿಹೋಗುತ್ತದೆ. ಅದನ್ನು ಹೀರಿಕೊಳ್ಳಲು ಎರಡು ತುದಿಯಲ್ಲೂ 120 ಓಮ್‌ನ ಒಂದೊಂದು ರೋಧಕ ಇಟ್ಟಿರುತ್ತಾರೆ. ಎರಡೂ ಅದೇ ಜೋಡಿ ತಂತಿಯ ನಡುವೆ ಸಮಾಂತರವಾಗಿವೆ. 1/120 + 1/120 = 1/60. ಒಂದು ತುದಿ ಕಡಿದರೆ ಉಳಿಯುವುದು ಒಂದೇ ರೋಧಕ: 120. ಗ್ಯಾರೇಜಿನವರಿಗೆ ಉತ್ತರ ಗೊತ್ತಿತ್ತು, ನಮ್ಮ ತರಗತಿಗೆ ಸೂತ್ರ ಗೊತ್ತಿತ್ತು. ಎರಡೂ ಭೇಟಿಯಾಗಿರಲಿಲ್ಲ, ಅಷ್ಟೆ.

ಒಂದು ಎಚ್ಚರಿಕೆ: ಕೆಲವು ಹೊಸ ಕಾರುಗಳಲ್ಲಿ ಸಾಕೆಟ್ಟಿಗೂ ಒಳಗಿನ ಜಾಲಗಳಿಗೂ ನಡುವೆ ಗೇಟ್‌ವೇ ಎಂಬ ಘಟಕ ಇರುತ್ತದೆ. ಆಗ ಈ ಅಳತೆ ಇಡೀ ಜಾಲದ್ದಾಗಿರುವುದಿಲ್ಲ.

ತಪ್ಪು ಮಾಡಿದವರು

ಪ್ರತಿ ಸಂದೇಶದ ಕೊನೆಯಲ್ಲಿ 15 ಬಿಟ್‌ನ ತಾಳೆ ಸಂಖ್ಯೆ ಇರುತ್ತದೆ. ಕೇಳಿದ ಘಟಕಗಳು ತಾವೂ ಲೆಕ್ಕ ಹಾಕಿ ಹೋಲಿಸುತ್ತವೆ. ತಾಳೆಯಾಗದಿದ್ದರೆ ಯಾವುದಾದರೂ ಒಂದು ಘಟಕ "ತಪ್ಪು" ಎಂದು ಕೂಗಿದರೂ ಸಾಕು, ಎಲ್ಲರೂ ಆ ಸಂದೇಶ ಬಿಟ್ಟುಬಿಡುತ್ತಾರೆ, ಕಳುಹಿಸಿದವರು ಮತ್ತೆ ಕಳುಹಿಸುತ್ತಾರೆ. ಪ್ರತಿ ಘಟಕವೂ ತನ್ನ ತಪ್ಪುಗಳನ್ನು ತಾನೇ ಎಣಿಸಿಕೊಳ್ಳುತ್ತದೆ. ಕಳುಹಿಸುವಾಗಿನ ಎಣಿಕೆ 255 ದಾಟಿದರೆ ಜಾಲದಿಂದ ತಾನೇ ದೂರ ಸರಿಯುತ್ತದೆ, ಮಿಕ್ಕವರ ಮಾತು ಕೆಡದಿರಲೆಂದು. ಇಂಜಿನ್ ಬಾಕ್ಸ್ ಇಲ್ಲದಿದ್ದರೂ ಕಿಟಕಿ ಏರುವುದರ ಗುಟ್ಟೂ ಇಂಥದ್ದೇ: ಒಬ್ಬರು ಸುಮ್ಮನಾದರೆ ಸಭೆ ನಿಲ್ಲುವುದಿಲ್ಲ.

ಸಂದೇಶ ಸರಿಯಾಗಿ ತಲುಪಿತೇ ಎಂದು ಈ ಜಾಲ ನೋಡುತ್ತದೆಯೇ ಹೊರತು ಯಾರು ಕಳುಹಿಸಿದರು ಎಂದು ನೋಡುವುದಿಲ್ಲ. ತಂತಿಗೆ ಕೈ ಹಾಕಿದ ಕಳ್ಳನೂ ಸಂದೇಶ ಕಳುಹಿಸಬಲ್ಲ. ಗೇಟ್‌ವೇ ಬಂದದ್ದಕ್ಕೆ ಇದೂ ಒಂದು ಕಾರಣ.

ಮರುಪಾಠ

ಮರುಪಾಠವನ್ನು ನಾನು ಆರಂಭಿಸಿದ್ದು "ಹೋದ ವಾರ ನಾನು ಹೇಳಿದ್ದು ತಪ್ಪು, ಇವನು ಹೇಳಿದ್ದು ಸರಿ" ಎಂದು. ಆಮೇಲೆ ಗ್ಯಾರೇಜಿನ ಮೂರು ಅಳತೆಗಳನ್ನು ಕಪ್ಪುಹಲಗೆಯ ಮೇಲೆ ಬರೆದೆ: 60, 120, 0. ಕಾರಣ ನೀವೇ ಹುಡುಕಿ ಎಂದೆ. ಎರಡು ರೋಧಕಗಳ ಚಿತ್ರ ಬರೆದು ಲೆಕ್ಕ ಬಿಡಿಸಿದವನು ಅದೇ ಹಿಂದಿನ ಬೆಂಚಿನ ಹುಡುಗ. ಸೀಮೆಸುಣ್ಣ ಕೆಳಗಿಟ್ಟು ಒಂದು ಗಳಿಗೆ ಹಲಗೆಯನ್ನೇ ನೋಡುತ್ತ ನಿಂತ.

"ಮಿಸ್, ಇದನ್ನ ಪೇಪರಲ್ಲಿ ಬರ್ಕೊಡ್ತೀರಾ? ಅಪ್ಪಂಗೆ ತೋರಿಸ್ಬೇಕು."

"ನೀನೇ ಬರ್ಕೋ" ಎಂದೆ. ಬರೆದುಕೊಂಡ.