ತೋಟಕ್ಕೆ ಮರಳಿದ್ದೆಷ್ಟು?

ಅಡಿಕೆಯ ಮರವು ವರ್ಷವೊಂದಕ್ಕೆ ಐದಾರು ಸೋಗೆಗಳನ್ನು ಉದುರಿಸುತ್ತದೆ. ಸೋಗೆಯೊಡನೆ ಹಾಳೆಯೂ ಬೀಳುತ್ತದೆ. ಪುತ್ತೂರು ಮತ್ತು ಸುಳ್ಯ ತಾಲೂಕುಗಳಲ್ಲಿ, ಅವುಗಳ ಗ್ರಾಮಗಳನ್ನು ಕೂಡಿಸಿ ರಚಿಸಿದ ಕಡಬ ತಾಲೂಕಿನಲ್ಲಿ ಹುಟ್ಟಿ ಬೆಳೆದವರಿಗೆ ಇವುಗಳ ಉಪಯೋಗವನ್ನು ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಸೋಗೆಯು ಮರದ ಬುಡಕ್ಕೆ ಹೊದಿಕೆಯಾಗುತ್ತದೆ. ಹಿಂದೆ ಮುಟ್ಟಾಳೆಯಾಗುತ್ತಿದ್ದ ಹಾಳೆಯು ಈಗ ಯಂತ್ರದ ಅಚ್ಚಿನಲ್ಲಿ ಊಟದ ತಟ್ಟೆಯಾಗುತ್ತದೆ. ಹಣ್ಣಡಿಕೆಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚಿನ ಪಾಲು ಸಿಪ್ಪೆಯೇ. ಸುಲಿದ ಮೇಲೆ ಅದು ಬಚ್ಚಲೊಲೆಗೋ ಗೊಬ್ಬರದ ಗುಂಡಿಗೋ ಹೋಗುತ್ತದೆ. ಹಟ್ಟಿಯ ಸೆಗಣಿಯು ಗೋಬರ್ ಗ್ಯಾಸಿನ ತೊಟ್ಟಿಯನ್ನು ಹಾದು, ಬಗ್ಗಡವಾಗಿ ತೋಟವನ್ನು ಸೇರುತ್ತದೆ. ಇಂತಹ ತೋಟವನ್ನು ಕಂಡವರು "ಇಲ್ಲಿ ಯಾವುದೂ ವ್ಯರ್ಥವಿಲ್ಲ" ಎನ್ನುವುದುಂಟು. ಈ ಮಾತು ಎಷ್ಟರ ಮಟ್ಟಿಗೆ ನಿಜ? ಅದನ್ನು ಅಳೆದು ಹೇಳಲು ಸಾಧ್ಯವೇ?

ಇದೇ ಪ್ರಶ್ನೆಯನ್ನು ಇಂದು ಇಡೀ ಪ್ರಪಂಚದ ಬಗ್ಗೆ ಕೇಳಲಾಗುತ್ತಿದೆ. ನೆಲದಿಂದ ತೆಗೆದ ವಸ್ತುವನ್ನು ಒಮ್ಮೆ ಬಳಸಿ ಎಸೆಯದೆ, ದುರಸ್ತಿಯಿಂದಲೋ ಕರಗಿಸಿ ಮತ್ತೆ ಎರಕ ಹೊಯ್ಯುವುದರಿಂದಲೋ ಮರಳಿ ಬಳಕೆಗೆ ತರುವ ಏರ್ಪಾಡಿಗೆ ಚಕ್ರೀಯ ಅರ್ಥವ್ಯವಸ್ಥೆ ಎಂದು ಹೆಸರು. ಆ ದಿಕ್ಕಿನಲ್ಲಿ ಜಗತ್ತು ಎಷ್ಟು ಮುಂದುವರಿದಿದೆ ಎಂಬುದನ್ನು ಆಮ್‌ಸ್ಟರ್‌ಡ್ಯಾಮ್ ನಗರದ 'ಸರ್ಕಲ್ ಎಕಾನಮಿ' ಎಂಬ ಸಂಸ್ಥೆಯು 2018ರಿಂದ ಒಂದು ಸಂಖ್ಯೆಯಲ್ಲಿ ಹೇಳುತ್ತ ಬಂದಿದೆ. ಜಗತ್ತು ಬಳಸಿದ ಒಟ್ಟು ವಸ್ತುವಿನಲ್ಲಿ, ಹಿಂದೊಮ್ಮೆ ಬಳಸಿ ಮರಳಿ ಬಂದ ವಸ್ತುವಿನ ಪಾಲೆಷ್ಟು ಎಂಬುದೇ ಆ ಸಂಖ್ಯೆ. 2018ರ ವರದಿಯಲ್ಲಿ ಅದು ಶೇಕಡಾ 9.1 ಇತ್ತು, 2023ರ ವರದಿಯಲ್ಲಿ 7.2, 2025ರಲ್ಲಿ 6.9.

ಹಾಗಾದರೆ ಮರುಬಳಕೆ ಕಡಿಮೆಯಾಯಿತೇ? ಇಲ್ಲ, ಟನ್ನುಗಳ ಲೆಕ್ಕದಲ್ಲಿ ಅದು ಹೆಚ್ಚಿಯೇ ಇದೆ. ಭಿನ್ನರಾಶಿಯನ್ನು ಕಲಿತ ವಿದ್ಯಾರ್ಥಿಗೆ ಇದರ ಮರ್ಮ ಕೂಡಲೆ ಹೊಳೆದೀತು. ಅಂಶವು ಬೆಳೆಯಿತು, ಆದರೆ ಛೇದವು ಅದಕ್ಕಿಂತ ವೇಗವಾಗಿ ಬೆಳೆಯಿತು. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2024ರ ವರದಿಯಂತೆ, 1970ರಲ್ಲಿ ಭೂಮಿಯಿಂದ ತೆಗೆದ ವಸ್ತು ಸುಮಾರು 30 ಶತಕೋಟಿ ಟನ್. ಈಗ ಅದು 100 ಶತಕೋಟಿ ಟನ್ನನ್ನು ದಾಟಿದೆ. ಹಳೆಯ ಕಬ್ಬಿಣವನ್ನು ಎಷ್ಟೇ ಕರಗಿಸಿದರೂ, ಅದಕ್ಕಿಂತ ಹೆಚ್ಚಿನ ಹೊಸ ಕಬ್ಬಿಣವನ್ನು ಕಟ್ಟಡ ಸೇತುವೆಗಳಲ್ಲಿ ಹೂಳುತ್ತ ಹೋದರೆ ಪಾಲು ಇಳಿಯಲೇಬೇಕು.

ಇನ್ನೊಂದು ವಿಚಿತ್ರವುಂಟು. ಕೊಳೆತು ಮಣ್ಣಿಗೆ ಮರಳುವ ಸಸ್ಯವಸ್ತುವನ್ನು ಈ 6.9ರೊಳಗೆ ಸೇರಿಸುವುದಿಲ್ಲ, ಅದನ್ನು ಪ್ರತ್ಯೇಕವಾಗಿಯೇ ಗಣಿಸುತ್ತಾರೆ. ಆದಕಾರಣ ನಮ್ಮ ಸೋಗೆಗೂ ಬಗ್ಗಡಕ್ಕೂ ಆ ಪ್ರಸಿದ್ಧ ಸಂಖ್ಯೆಯಲ್ಲಿ ಸ್ಥಾನವಿಲ್ಲ. ಇದು ಅನ್ಯಾಯವೆಂದು ನಾವು ಹೇಳಲಾರೆವು. ಮರಳಿ ಬೆಳೆಯುವ ವಸ್ತುವಿಗೂ ಮರಳಿ ಬೆಳೆಯದ ವಸ್ತುವಿಗೂ ಒಂದೇ ಅಳತೆಗೋಲು ಸಲ್ಲದು. ಆದರೆ ಜಲ್ಲಿಯ ಒಂದು ಟನ್ನನ್ನೂ ತಾಮ್ರದ ಒಂದು ಟನ್ನನ್ನೂ ಒಂದೇ ತಕ್ಕಡಿಯಲ್ಲಿ ಕೂಡಿಸುವುದೂ ಅಷ್ಟೇನೂ ಒಪ್ಪತಕ್ಕ ಕ್ರಮವಲ್ಲ. 2024ರಲ್ಲಿ ಅಂತರರಾಷ್ಟ್ರೀಯ ಮಾನಕ ಸಂಸ್ಥೆಯು ಚಕ್ರೀಯತೆಯ ಅಳತೆಗೆಂದೇ ಐಎಸ್‌ಒ 59020 ಎಂಬ ಮಾನಕವನ್ನು ಹೊರತಂದಿತು. ಎಲ್ಲಿಂದ ಎಲ್ಲಿಯವರೆಗೆ ಅಳೆಯುತ್ತೇವೆ ಎಂಬ ಗಡಿಯನ್ನು ಮೊದಲು ನಿಶ್ಚಯಿಸಿಕೊಳ್ಳಬೇಕೆಂಬುದು ಇಂತಹ ಎಲ್ಲ ಅಳತೆಗಳ ಮೊದಲ ಪಾಠ.

ಒಂದು ಹೆಕ್ಟೇರು ಅಡಿಕೆ ತೋಟದ ಬೇಲಿಯನ್ನೇ ಗಡಿಯಾಗಿ ಹಿಡಿಯೋಣ. 2.7 ಮೀಟರು ಅಂತರದಲ್ಲಿ ನೆಟ್ಟರೆ ಅಲ್ಲಿ ಸುಮಾರು 1,370 ಮರಗಳು ನಿಲ್ಲುತ್ತವೆ. ವರ್ಷಕ್ಕೆ ದೊರೆಯುವ ಸೋಗೆ, ಹಾಳೆ, ಸಿಪ್ಪೆ ಮೊದಲಾದವುಗಳ ತೂಕ ಸುಮಾರು ಐದೂವರೆಯಿಂದ ಆರು ಟನ್. ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾಲಯಕ್ಕೆ ಸೇರಿದ ವಿಟ್ಲದ ಕೇಂದ್ರವು ಇವನ್ನು ಎರೆಹುಳುಗಳಿಂದ ಗೊಬ್ಬರವಾಗಿಸುವ ಕ್ರಮವನ್ನು ರೈತರಿಗೆ ತೋರಿಸಿಕೊಟ್ಟಿದೆ.

ಇನ್ನು ಹೊರಗಿನಿಂದ ಬರುವುದೇನು? ಮರವೊಂದಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್ ಕೊಡಬೇಕೆಂಬುದು ಶಿಫಾರಸು. ಪೊಟ್ಯಾಷನ್ನು ಮಾತ್ರ ಗುಣಿಸಿ ನೋಡಿದರೂ ಹೆಕ್ಟೇರಿಗೆ 190 ಕಿಲೋಗ್ರಾಮಿಗೆ ಮೀರುತ್ತದೆ. ಪೊಟ್ಯಾಷ್ ಗೊಬ್ಬರಕ್ಕೆ ನಮ್ಮ ದೇಶವು ಬಹುಮಟ್ಟಿಗೆ ಆಮದನ್ನೇ ನಂಬಿದೆ. ಸುಳ್ಯದ ಮೂಲೆಯ ತೋಟವೊಂದು ಕೆನಡಾದ ಅಥವಾ ರಷ್ಯದ ಗಣಿಗೆ ಹೀಗೆ ಗಂಟುಬಿದ್ದಿದೆ! ತೋಟದ ಕಸವೆಲ್ಲ ಬುಡಕ್ಕೆ ಮರಳಿದಷ್ಟೂ ಈ ಗಂಟು ಸಡಿಲವಾಗುತ್ತದೆ. ಹಾಳೆಯು ತಟ್ಟೆಯಾಗಿ ಬೇಲಿ ದಾಟಿದರೆ ಅದರೊಳಗಿನ ಪೊಟ್ಯಾಷೂ ದಾಟುತ್ತದೆ. ದೂರದ ಊರಿನಲ್ಲಿ ಪ್ಲಾಸ್ಟಿಕ್ ತಟ್ಟೆಯ ಬದಲು ಅದು ಬಳಕೆಯಾದರೆ ಜಗತ್ತಿನ ಲೆಕ್ಕದಲ್ಲಿ ಲಾಭ, ತೋಟದ ಲೆಕ್ಕದಲ್ಲಿ ನಷ್ಟ. ಅಡಿಕೆಯ ಕ್ಷಾರಸತ್ವಗಳು ಆಹಾರಕ್ಕೆ ಇಳಿಯಬಹುದೆಂಬ ಕಾರಣದಿಂದ 2025ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಹಾಳೆತಟ್ಟೆಗಳ ಆಮದನ್ನು ತಡೆಯಿತು. ವಸ್ತುವು ಸುತ್ತಿ ಬರುವಾಗ ತನ್ನೊಡನೆ ಏನನ್ನು ಹೊತ್ತು ತರುತ್ತದೆ ಎಂಬ ಪ್ರಶ್ನೆಗೆ ಟನ್ನುಗಳ ಲೆಕ್ಕದಲ್ಲಿ ಉತ್ತರವಿಲ್ಲ.

ಹಿಂದಿನ ಕಾಲದ ತೋಟಗಳು ಪೂರ್ಣ ಸ್ವಾವಲಂಬಿಯಾಗಿದ್ದವು ಎಂಬ ನಂಬಿಕೆಯನ್ನೂ ಕೊಂಚ ಪರೀಕ್ಷಿಸಬೇಕು. ದಕ್ಷಿಣ ಕನ್ನಡದಲ್ಲಿ ಹಳೆಯ ವರ್ಗ ಜಮೀನಿನ ಸುತ್ತ 100 ಗಜದೊಳಗಿನ ಸರಕಾರಿ ನೆಲಕ್ಕೆ ಕುಮ್ಕಿ ಎಂಬ ಹೆಸರಿದೆ. ಸೊಪ್ಪು, ದರಗು, ಹುಲ್ಲುಗಳನ್ನು ಅಲ್ಲಿಂದ ಒಯ್ಯುವ ಸವಲತ್ತು ಜಮೀನುದಾರನಿಗಿತ್ತು. ಹಟ್ಟಿಗೆ ಹಾಸಿದ ಸೊಪ್ಪು ಅಲ್ಲಿಯದು. ದನ ಮೇಯುತ್ತಿದ್ದುದೂ ಬಹುಪಾಲು ಅಲ್ಲಿಯೇ. ಬೇಲಿಯೊಳಗೆ ಮುಚ್ಚಿದಂತೆ ಕಾಣುತ್ತಿದ್ದ ಚಕ್ರಕ್ಕೆ ಗುಡ್ಡವು ಸದ್ದಿಲ್ಲದೆ ಉಣಬಡಿಸುತ್ತಿತ್ತು. ಗಡಿಯನ್ನು 100 ಗಜ ಆಚೆಗೆ ಸರಿಸಿದರೆ ಆ ತೋಟದ ಅಂಕ ಬೇರೆಯೇ ಆಗುತ್ತದೆ.

ಎಲ್ಲಕ್ಕಿಂತ ಕಠಿಣವಾದುದು ತಾಮ್ರದ ಲೆಕ್ಕ. ಮಳೆಗಾಲದ ಕೊಳೆರೋಗದಿಂದ ಕಾಯಿಗಳನ್ನು ಉಳಿಸಲು ಮರಕ್ಕೆ ಮದ್ದು ಬಿಡುವುದು ಈ ತಾಲೂಕುಗಳಲ್ಲಿ ಎಲ್ಲರೂ ಬಲ್ಲ ಕೆಲಸ. ಮದ್ದೆಂದರೆ ಬೋರ್ಡೋ ದ್ರಾವಣ: 100 ಲೀಟರು ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಮೈಲುತುತ್ತಿನ ತೂಕದಲ್ಲಿ ಕಾಲು ಭಾಗ ತಾಮ್ರ. ಮರವೊಂದಕ್ಕೆ ಒಂದೂವರೆ ಲೀಟರೆಂದು ಊಹಿಸಿದರೆ, ಹೆಕ್ಟೇರಿಗೆ ಒಮ್ಮೆಗೆ ಸುಮಾರು 5 ಕಿಲೋ ತಾಮ್ರ ಬೀಳುತ್ತದೆ. ವರ್ಷಕ್ಕೆರಡು ಸಲವಾದರೆ 10 ಕಿಲೋ. 30 ವರ್ಷಕ್ಕೆ 300 ಕಿಲೋ. ತಾಮ್ರವು ಗಾಳಿಗೆ ಹಾರುವುದಿಲ್ಲ, ಕೊಳೆತು ಬೇರೊಂದಾಗುವುದೂ ಇಲ್ಲ. ಅದರಲ್ಲಿ ಬಹುಭಾಗ ಕೊನೆಗೆ ಮೇಲ್ಮಣ್ಣಿನಲ್ಲಿ ನಿಂತುಬಿಡುತ್ತದೆ. ಗಣಿಯಲ್ಲಿ ಒತ್ತಾಗಿದ್ದ ಲೋಹವು ಮರಳಿ ಹೆಕ್ಕಲಾಗದಷ್ಟು ತೆಳುವಾಗಿ ಹರಡಿತು. ಆದರೆ ಎರೆಹುಳುವಿಗೆ ಬಾಧಕವಾಗದಷ್ಟು ತೆಳುವೆಂದು ಹೇಳುವಂತಿಲ್ಲ. ಸೋಗೆಯನ್ನು ಗೊಬ್ಬರವಾಗಿಸುವ ಜೀವಿಯೂ ಅದೇ ಎರೆಹುಳು ಎಂಬುದನ್ನು ಮರೆಯಬಾರದು. ಮದ್ದನ್ನು ಬಿಡದೆ ಫಸಲಿಲ್ಲ. ಬಿಟ್ಟರೆ ಚಕ್ರದಲ್ಲೊಂದು ಬಿರುಕು.

ಮನೆಯಲ್ಲಿ ತೋಟವುಳ್ಳ ವಿದ್ಯಾರ್ಥಿಗಳು ಒಂದು ವರ್ಷದ ಲೆಕ್ಕವನ್ನು ತಾವೇ ಇಡಬಹುದು. ಒಂದು ತೂಕದ ಕೊಕ್ಕೆ, ಒಂದು ಪುಸ್ತಕ ಸಾಕು. ಒಳಗೆ ಬಂದದ್ದು, ಹೊರಗೆ ಹೋದದ್ದು, ಬುಡಕ್ಕೆ ಮರಳಿದ್ದು, ಮಣ್ಣಿನಲ್ಲಿ ಉಳಿದದ್ದು ಎಂದು ನಾಲ್ಕು ಅಂಕಣಗಳಿರಲಿ. ನಾಲ್ಕನೆಯದಕ್ಕೆ ಮಾತ್ರ ಮಣ್ಣುಪರೀಕ್ಷೆಯ ನೆರವು ಬೇಕು. ಕೆಲವೆಡೆ ಪೆನ್ಸಿಲು ತಡವರಿಸುವುದು ಖಂಡಿತ. ಎಲೆಚುಕ್ಕಿ ರೋಗ ತಗಲಿದ ಸೋಗೆಯನ್ನೇ ತೆಗೆದುಕೊಳ್ಳಿ. ಅದನ್ನು ಬುಡಕ್ಕೆ ಹಾಕಿದರೆ ರೋಗವೂ ಸುತ್ತಿಬರುವುದರಿಂದ ಕಡಿದು ಸುಡಬೇಕೆಂದು ತಜ್ಞರು ಹೇಳುತ್ತಾರೆ. ಸುಟ್ಟ ಬೂದಿಯನ್ನು ತೋಟಕ್ಕೆ ಚೆಲ್ಲಿದರೆ ಪೊಟ್ಯಾಷು ಬಹುಪಾಲು ಮೂರನೆಯ ಅಂಕಣಕ್ಕೆ ಸೇರುತ್ತದೆ. ಸಾರಜನಕವು ಹೊಗೆಯೊಡನೆ ಎರಡನೆಯದಕ್ಕೆ ಹೋಗುತ್ತದೆ.