ಪೆಟ್ರೋಲ್ ಟ್ಯಾಂಕಿನ ಒತ್ತಡದ ಸೆನ್ಸರು: ದೋಷವನ್ನು ಕಂಡುಹಿಡಿಯುವ ಕ್ರಮ

ಸಿರುಗುಪ್ಪ, ಕುರುಗೋಡು ಕಡೆಯ ಭೂಮಾಲಿಕರು ಬಳ್ಳಾರಿಗೆ ಕಾರಿನಲ್ಲಿ ಹೋಗಿಬರುವುದು ಈಗ ವಾಡಿಕೆಯಾಗಿದೆ. ಕೆಲವು ಪೆಟ್ರೋಲ್ ಕಾರುಗಳಲ್ಲಿ ಟ್ಯಾಂಕಿನೊಳಗಣ ಆವಿಯ ಒತ್ತಡವನ್ನು ಅಳೆಯುವ ಸೆನ್ಸರೊಂದು ಇರುವುದು; ಆವಿಯು ಸೋರುತ್ತಿದೆಯೇ ಎಂಬುದನ್ನು ಅರಿಯಲು ಇದು ಸಹಾಯಕವು. ಡೀಸೆಲ್ ಗಾಡಿಗಳಿಗೆ ಇದರ ಅಗತ್ಯವಿಲ್ಲ. ಇಂಜಿನಿನ ಎಚ್ಚರಿಕೆಯ ದೀಪವು ಹೊತ್ತಿದ ಮಾತ್ರಕ್ಕೆ ಸೆನ್ಸರೇ ಕೆಟ್ಟಿತೆಂದು ಹೊಸದನ್ನು ಕೊಳ್ಳುವುದು ದಂಡದ ವೆಚ್ಚವು.

೧. ಮೊದಲು ಟ್ಯಾಂಕಿನ ಮುಚ್ಚಳವನ್ನೂ ಅದರ ರಬ್ಬರು ಬಳೆಯನ್ನೂ ನೋಡಿ, ಬಿಗಿಯಾಗಿ ತಿರುಗಿಸತಕ್ಕದ್ದು.

೨. ದೀಪವು ಆರದಿದ್ದರೆ ಮೆಕ್ಯಾನಿಕನಿಂದ ಸ್ಕ್ಯಾನರಿನಲ್ಲಿ ಸಂಕೇತವನ್ನು ಓದಿಸಬೇಕು. ಪಿ ೦೪೫೫ ಎಂದರೆ ಆವಿಯ ಸೋರಿಕೆ. ಪಿ ೦೪೫೨ ಅಥವಾ ೦೪೫೩ ಎಂದರೆ ಸೆನ್ಸರಿನ ಇಲ್ಲವೆ ತಂತಿಗಳ ದೋಷ.

೩. ಮುಚ್ಚಳ ತೆರೆದಾಗ ಟ್ಯಾಂಕಿನ ಒತ್ತಡವು ಹೊರಗಾಳಿಯದಕ್ಕೆ ಸಮನಾಗುವುದು. ಆಗಲೂ ಸ್ಕ್ಯಾನರಿನಲ್ಲಿ ಒತ್ತಡದ ಅಂತರವು ಸೊನ್ನೆಯ ಸಮೀಪಕ್ಕೆ ಬಾರದಿದ್ದರೆ ಸೆನ್ಸರಿನ ಮೇಲೆ ಸಂಶಯಪಡಬಹುದು.

೪. ಆದರೂ ತಂತಿಗಳನ್ನು ಮೊದಲು ಪರೀಕ್ಷಿಸತಕ್ಕದ್ದು. ಬತ್ತದ ಗೋದಾಮಿನ ಬಳಿ ನಿಲ್ಲಿಸಿದ ಕಾರಿನ ತಂತಿಗಳನ್ನು ಇಲಿಗಳು ಕಡಿಯುವುದುಂಟು. ಸಾಮಾನ್ಯವಾಗಿ ಸೆನ್ಸರಿಗೆ ೫ ವೋಲ್ಟು ಬರಬೇಕು. ಅದು ಬಂದು, ಉಳಿದ ತಂತಿಗಳೂ ಸರಿಯಿದ್ದರೆ ಮಾತ್ರ ಸೆನ್ಸರನ್ನು ಬದಲಿಸುವುದು.

ಪೆಟ್ರೋಲಿನ ಆವಿಯು ಕಿಡಿ ಸೋಕಿದೊಡನೆ ಹೊತ್ತಿಕೊಳ್ಳುವುದು. ಆದಕಾರಣ ಈ ಕೆಲಸವನ್ನು ಬಯಲಿನಲ್ಲಿ, ಇಂಜಿನು ತಣಿದ ಮೇಲೆ ಮಾಡಿಸಬೇಕು. ಬೀಡಿ, ಬೆಂಕಿಗಳನ್ನು ಹತ್ತಿರಕ್ಕೆ ತರಕೂಡದು.