ಧ್ವನಿಮುದ್ರಣದಲ್ಲಿ ಗಟ್ಟಿತನದ ಅಳತೆ

ಸಂಗೀತವನ್ನು ಮುದ್ರಿಸಿ, ವಾದ್ಯಗಳ ಪ್ರಮಾಣವನ್ನು ಹೊಂದಿಸಿದ ಮೇಲೆ, ಅದು ಕೇಳುಗರನ್ನು ಸೇರುವುದಕ್ಕೆ ಮುನ್ನ ನಡೆಯುವ ಕಡೆಯ ಸಂಸ್ಕಾರಕ್ಕೆ ಮಾಸ್ಟರಿಂಗ್ ಎಂದು ಹೆಸರು. ಆ ಹಂತದಲ್ಲಿ ನಿರ್ಣಯವಾಗುವ ಸಂಗತಿಗಳಲ್ಲಿ ಧ್ವನಿಯ ಗಟ್ಟಿತನ ಮುಖ್ಯವಾದುದು. ಅದನ್ನು ಅಳೆಯುವ ಕ್ರಮವಾವುದು, ಸ್ಟ್ರೀಮಿಂಗ್ ಸೇವೆಗಳಲ್ಲಿ ಆ ಅಳತೆ ಹೇಗೆ ಬಳಕೆಯಾಗುತ್ತಿದೆ ಎಂಬುದನ್ನು ಇಲ್ಲಿ ವಿವರಿಸಲು ಉದ್ದೇಶಿಸಿದ್ದೇವೆ. ಧ್ವನಿಮುದ್ರಿಕೆಯೂ ಇತಿಹಾಸದ ಒಂದು ಆಕರವಾಗಿರುವಾಗ, ವಿಷಯ ಯಂತ್ರಶಾಸ್ತ್ರದ್ದೆಂದು ನಮ್ಮವರು ದೂರವಿಡುವುದು ಉಚಿತವಲ್ಲ.

ಮೊದಲು ಒಂದು ಭೇದವನ್ನು ಗಮನಿಸಬೇಕು. ವಿದ್ಯುತ್ ಸಂಕೇತದ ಎತ್ತರ ಬೇರೆ, ಕಿವಿಗೆ ತೋರುವ ಗಟ್ಟಿತನ ಬೇರೆ. ಮೃದಂಗದ ಒಂದು ಚಾಪು ಕ್ಷಣಮಾತ್ರ ಬಹಳ ಎತ್ತರಕ್ಕೇರಿ ಇಳಿಯುತ್ತದೆ. ತಂಬೂರಿಯ ಶ್ರುತಿ ಅಷ್ಟು ಏರದೆಯೂ ಎಡೆಬಿಡದೆ ತುಂಬಿರುತ್ತದೆ. ಶಿಖರವನ್ನು ಮಾತ್ರ ಅಳೆದರೆ ಕಿವಿಯ ಅನುಭವ ಕೈಗೆ ಸಿಕ್ಕುವುದಿಲ್ಲ. ಅಲ್ಲದೆ, ಫ್ಲೆಚರ್ ಮತ್ತು ಮನ್ಸನ್ 1933ರಲ್ಲಿ ಪ್ರಕಟಿಸಿದ ಪ್ರಯೋಗಗಳು ತೋರಿಸಿದಂತೆ, ಕಿವಿ ಎಲ್ಲ ಸ್ಥಾಯಿಗಳಿಗೂ ಸಮನಾಗಿ ಸ್ಪಂದಿಸುವುದಿಲ್ಲ; ಸದ್ದು ಕುಗ್ಗಿದಂತೆ ಮಂದ್ರದ ನಾದ ಬೇಗ ಮರೆಯಾಗುತ್ತದೆ. ಒಂದೇ ಹಾಡನ್ನು ಸ್ವಲ್ಪ ಗಟ್ಟಿಯಾಗಿ ನುಡಿಸಿದಾಗ ಅದು ಹೆಚ್ಚು ತುಂಬಿದಂತೆ ಕೇಳಿಸುವುದಕ್ಕೆ ಇದೊಂದು ಕಾರಣ.

ಕಿವಿಯ ಈ ದೌರ್ಬಲ್ಯವನ್ನು ವ್ಯಾಪಾರ ಚೆನ್ನಾಗಿ ಬಳಸಿಕೊಂಡಿತು. ಗ್ರಾಮಫೋನ್ ತಟ್ಟೆಯಲ್ಲಿ ಧ್ವನಿ ಗಟ್ಟಿಯಾದಷ್ಟೂ ಗೀರು ಅಗಲವಾಗಿ ಹೊಯ್ದಾಡಿ ಹೆಚ್ಚು ಸ್ಥಳವನ್ನು ಬೇಡುತ್ತಿದ್ದುದರಿಂದ, ಅಲ್ಲೊಂದು ಸ್ವಾಭಾವಿಕವಾದ ಕಡಿವಾಣವಿತ್ತು. 1982ರಲ್ಲಿ ಮಾರುಕಟ್ಟೆಗೆ ಬಂದ ಸಿ.ಡಿ.ಯಲ್ಲಿ ಶಿಖರಕ್ಕೆ ದಾಟಲಾಗದ ಮೇಲ್ಮಿತಿಯುಂಟು, ಸರಾಸರಿಗೆ ಅಂತಹ ಕಟ್ಟಿಲ್ಲ. ಕಂಪ್ರೆಸರ್, ಲಿಮಿಟರ್ ಎಂಬ ಸಾಧನಗಳಿಂದ ಶಿಖರಗಳನ್ನು ತಗ್ಗಿಸಿ ಉಳಿದುದೆಲ್ಲವನ್ನೂ ಮೇಲಕ್ಕೆತ್ತುವ ಪೈಪೋಟಿ 1990ರ ದಶಕದಲ್ಲಿ ಬಲವಾಗಿ ಬೆಳೆಯಿತು. 2008ರಲ್ಲಿ ಹೊರಬಂದ ಮೆಟಾಲಿಕಾ ತಂಡದ ‘ಡೆತ್ ಮ್ಯಾಗ್ನೆಟಿಕ್’ ಇದರ ಪ್ರಸಿದ್ಧ ನಿದರ್ಶನ. ಅದೇ ಹಾಡುಗಳು ‘ಗಿಟಾರ್ ಹೀರೊ’ ಎಂಬ ಆಟದಲ್ಲಿ ಅಷ್ಟಾಗಿ ಹಿಂಡದ ರೂಪದಲ್ಲಿ ದೊರೆತವು. ಎರಡನ್ನೂ ಹೋಲಿಸಿದ ಅಭಿಮಾನಿಗಳು ಆಲ್ಬಮ್ಮನ್ನು ಮತ್ತೆ ಸಿದ್ಧಪಡಿಸಬೇಕೆಂದು ಮನವಿ ಮಾಡಿಕೊಂಡರು. ಪಾಠಾಂತರಗಳ ತುಲನೆ ಗ್ರಂಥಸಂಪಾದಕರ ಕೆಲಸವೆಂದು ತಿಳಿದಿದ್ದೇವೆ. ಇಲ್ಲಿ ಅದನ್ನು ಶ್ರೋತೃಗಳೇ ಕೈಗೊಂಡರು.

ಊರಿಗೊಂದು ಕೋಲು, ಊರಿಗೊಂದು ಕೊಳಗವಿದ್ದ ಕಾಲವನ್ನು ಶಾಸನಗಳಿಂದ ಬಲ್ಲವರಿಗೆ ಸಮಾನ ಮಾನದ ಬೆಲೆಯನ್ನು ಬೇರೆ ಹೇಳಬೇಕಾಗಿಲ್ಲ. ಅಂತಹ ಮಾನವನ್ನು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ 2006ರಲ್ಲಿ ಬಿ.ಎಸ್. 1770 ಎಂಬ ಶಿಫಾರಸಿನ ಮೂಲಕ ಒದಗಿಸಿತು. ಇದರ ಕ್ರಮ ಹೀಗಿದೆ. ಸಂಕೇತದ ಅತಿ ಮಂದ್ರಭಾಗವನ್ನು ತಗ್ಗಿಸಿ, ತಾರಭಾಗವನ್ನು ಸುಮಾರು 4 ಡೆಸಿಬೆಲ್ ಎತ್ತಿ, ಅದನ್ನು ಕಿವಿಯ ಸ್ವಭಾವಕ್ಕೆ ಸಮೀಪ ತರುತ್ತಾರೆ. ಬಳಿಕ 400 ಮಿಲಿಸೆಕೆಂಡುಗಳ ತುಂಡುಗಳಲ್ಲಿ ಶಕ್ತಿಯ ಸರಾಸರಿಯನ್ನು ತೆಗೆಯುತ್ತಾರೆ. ಮೌನವೂ ಲೆಕ್ಕಕ್ಕೆ ಸೇರಿದರೆ ಮೊತ್ತ ಸುಳ್ಳಾಗುವುದರಿಂದ, −70ಕ್ಕಿಂತ ಕೆಳಗಿನ ತುಂಡುಗಳನ್ನು ಬಿಡುತ್ತಾರೆ. ಉಳಿದವುಗಳ ಸರಾಸರಿಗಿಂತ 10ಕ್ಕೂ ಹೆಚ್ಚು ಕೆಳಗಿರುವುವನ್ನೂ ಬಿಟ್ಟು ಮತ್ತೆ ಸರಾಸರಿ ತೆಗೆಯುತ್ತಾರೆ. ಬಂದ ಅಂಕೆಯ ಮಾನಕ್ಕೆ ಎಲ್‌ಯುಎಫ್‌ಎಸ್ ಎಂದು ಹೆಸರು. ಯೂರೋಪಿನ ಪ್ರಸಾರ ಒಕ್ಕೂಟ 2010ರಲ್ಲಿ ಪ್ರಸಾರಕ್ಕೆ −23ನ್ನು ನಿಗದಿಮಾಡಿತು.

ಸ್ಟ್ರೀಮಿಂಗ್ ಸೇವೆಗಳು ತಮ್ಮತಮ್ಮ ಅಂಕೆಗಳನ್ನು ಇಟ್ಟುಕೊಂಡಿವೆ: ಸ್ಪಾಟಿಫೈಯ ಸಾಮಾನ್ಯ ಮಟ್ಟ −14, ಆಪಲ್ ಮ್ಯೂಸಿಕ್ಕಿನದು −16. ಇದರ ಪರಿಣಾಮವನ್ನು ಲೆಕ್ಕದಿಂದ ನೋಡಬಹುದು. −8ರಲ್ಲಿ ಸಿದ್ಧವಾದ ಹಾಡೊಂದು, −14ರಲ್ಲಿ ಸಿದ್ಧವಾದ ಇನ್ನೊಂದು. ಎರಡರ ಶಿಖರವೂ −1 ಎಂದಿಟ್ಟುಕೊಳ್ಳೋಣ. ಸ್ಪಾಟಿಫೈ ಮೊದಲನೆಯದನ್ನು 6 ಡೆಸಿಬೆಲ್ ತಗ್ಗಿಸುತ್ತದೆ. ಎರಡೂ ಸಮಾನ ಗಟ್ಟಿಯಾಗಿ ಕೇಳಿಸಿದರೂ ಮೊದಲನೆಯದರ ಶಿಖರ −7ಕ್ಕೆ ಇಳಿದು, ತಾಳವಾದ್ಯದ ಪೆಟ್ಟು ಮಂಕಾಗುತ್ತದೆ. ಹಿಂಡಿದ ಶ್ರಮಕ್ಕೆ ಫಲವಿಲ್ಲ. ಮೆತ್ತಗಿನ ಹಾಡನ್ನಾದರೋ ಶಿಖರ −1ನ್ನು ಮೀರದಷ್ಟೇ ಎತ್ತುತ್ತಾರೆ: −20ರ ಹಾಡಿನ ಶಿಖರ −3 ಆಗಿದ್ದರೆ ಅದು −18ರಲ್ಲೇ ನಿಲ್ಲುತ್ತದೆ.

ಇದರಿಂದ ಎಲ್ಲ ಸಂಗೀತವನ್ನೂ −14ಕ್ಕೇ ಕಟ್ಟಬೇಕೆಂದು ಕೆಲವರು ಬೋಧಿಸುತ್ತಾರೆ. ಇದು ನಮಗೆ ಒಪ್ಪಿಗೆಯಾಗದು. ಆ ಅಂಕೆ ನುಡಿಸುವವರದು, ಸೇವೆ ಬದಲಾಯಿಸಿದರೆ ಬದಲಾಗುವಂಥದು. ಮಾಸ್ಟರಿಂಗ್ ಮಾಡುವವರು ಸಂಗೀತದ ಜಾತಿಗೆ ತಕ್ಕ ಏರಿಳಿತವನ್ನು ಕಿವಿಯಿಂದಲೇ ನಿಶ್ಚಯಿಸುವುದು ಮೇಲು. ಶಿಖರದ ವಿಷಯದಲ್ಲಿ ಮಾತ್ರ ಬಿಗಿ ಬೇಕು. ದಾಖಲಾದ ಮಾದರಿಗಳ ನಡುವೆಯೂ ಅಲೆ ಏರಬಹುದಾದ್ದರಿಂದ, ಮಾದರಿಗಳನ್ನು ನಾಲ್ಮಡಿಗೊಳಿಸಿ ನಿಜಶಿಖರವನ್ನು ಅಂದಾಜುಮಾಡುತ್ತಾರೆ. ಅದು −1ನ್ನು ದಾಟಬಾರದೆಂದೂ, ಹಾಡು −14ಕ್ಕಿಂತ ಗಟ್ಟಿಯಾಗಿದ್ದರೆ −2ನ್ನು ದಾಟಬಾರದೆಂದೂ ಸ್ಪಾಟಿಫೈ ಸಲಹೆ ಮಾಡುತ್ತದೆ.

ಸೇವೆ ಗಟ್ಟಿತನವನ್ನು ತಗ್ಗಿಸಬಲ್ಲುದೇ ಹೊರತು, ಒಮ್ಮೆ ಕತ್ತರಿಸಿದ ಶಿಖರಗಳನ್ನು ಮರಳಿ ಕೊಡಲಾರದು. ಹಳೆಯ ಮುದ್ರಿಕೆಗಳ ಮರುಮಾಸ್ಟರಿಂಗ್ ಪ್ರತಿಗಳು ಅನೇಕ ವೇಳೆ ಮೂಲಕ್ಕಿಂತ ಹೆಚ್ಚು ಹಿಂಡಿದವು. ಸೇವೆಗಳಲ್ಲಿ ಆ ಪ್ರತಿಯೊಂದೇ ದೊರೆಯುವುದೂ ಉಂಟು. ಅದನ್ನು ಕೇಳಿ, ಆ ಕಾಲದ ವಾದಕರು ನಯಗಾರಿಕೆಯನ್ನರಿಯದೆ ಒಂದೇ ಮಟ್ಟದಲ್ಲಿ ನುಡಿಸುತ್ತಿದ್ದರೆಂದು ಬರೆಯುವ ವಿದ್ಯಾರ್ಥಿ, ಲಿಪಿಕಾರನ ತಿದ್ದುಪಡಿಯನ್ನು ಕವಿಯ ಮಾತೆಂದು ಓದಿದಂತಾಗುತ್ತದೆ. ಆದಕಾರಣ ಕಾಲೇಜಿನ ಧ್ವನಿಸಂಗ್ರಹಗಳ ಸೂಚಿಯಲ್ಲಿ ಮುದ್ರಣದ ವರ್ಷದೊಡನೆ ಮಾಸ್ಟರಿಂಗಿನ ವರ್ಷ, ಒಟ್ಟು ಗಟ್ಟಿತನ, ನಿಜಶಿಖರ ಇವುಗಳನ್ನೂ ನಮೂದಿಸುವುದು ಅಗತ್ಯ. ಅಳೆಯುವ ತಂತ್ರಾಂಶಗಳು ಉಚಿತವಾಗಿಯೇ ದೊರೆಯುತ್ತವೆ.